ನೀರಂಚಿನ ನೆಲ

ಪಾಪಕ್ಕ ಬೋಡಬಂಡೆಗೆ ಸರ್ಕಾರಿ ನರ್ಸಾಗಿ ಬಂದಾಗ ಅವಳ ಜೊತೆಗಿದ್ದದ್ದು ಒಂದು ತಗಡಿನ ಟ್ರಂಕು, ಒಂದು ಸೀಮೆಎಣ್ಣೆ ಸ್ಟೌ ಮತ್ತು ಅವ್ವ. ಎಪ್ಪತ್ತೇಳನೆಯ ಇಸವಿ, ಮಳೆಗಾಲ ಆಗಷ್ಟೇ ಮುಗಿದಿತ್ತು. ಮಧುಗಿರಿಯಿಂದ ಸಿರಾಕ್ಕೆ ಹೋಗುವ ಬಸ್ಸು ಇಬ್ಬರನ್ನೂ ಜಲಾಶಯದ ಏರಿಯ ಮೇಲೆ ಇಳಿಸಿ ಹೋಯಿತು. ಅವ್ವ ಚಿಕ್ಕಹನುಮಕ್ಕ ಬಟ್ಟೆಯ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು, ಕಣ್ಣು ಹಾಯುವವರೆಗೆ ತುಂಬಿ ನಿಂತಿದ್ದ ನೀರನ್ನು ನೋಡುತ್ತ ನಿಂತುಬಿಟ್ಟಳು.

“ನಡಿಯವ್ವ, ಹೊತ್ತಾಯ್ತದೆ.”

“ಇಷ್ಟೊಂದು ನೀರು ಯಾರ್ದು ಮಗಾ?”

“ಸರ್ಕಾರದ್ದು.”

“ಅಂಗಾರೆ ಮುಟ್ಟಬೌದಾ?”

ಪಾಪಕ್ಕನಿಗೆ ನಗು ಬಂತು. ತಿರುಗಿ ಅವ್ವನ ಮುಖ ನೋಡಿದ ಮೇಲೆ ನಗು ನಿಂತಿತು. ಅವ್ವ ತಮಾಷೆಗೆ ಕೇಳಿರಲಿಲ್ಲ.

ಕೊಳಾಲದ ಹತ್ತಿರದ ಒಂದು ಹಳ್ಳಿಯಲ್ಲಿ ಚಿಕ್ಕಹನುಮಕ್ಕನ ಆಯುಷ್ಯದ ಅರ್ಧ ಬಾವಿಕಟ್ಟೆಯಿಂದ ದೂರ ನಿಂತೇ ಕಳೆದಿತ್ತು. ಅವರ ಕೇರಿಯವರು ಊರ ಬಾವಿಗೆ ಹಗ್ಗ ಬಿಡುವಂತಿರಲಿಲ್ಲ. ಬಿಂದಿಗೆ ಇಟ್ಟು, ಹಿಂದೆ ಸರಿದು ನಿಂತು, “ಒಂದು ಬಿಂದಿಗೆ ಹುಯ್ರವ್ವಾ” ಎಂದು ಕೂಗಬೇಕಾಗಿತ್ತು. ಮನಸ್ಸು ಬಂದವರು ಹುಯ್ಯುತ್ತಿದ್ದರು, ಬಾರದವರು ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು. ಅವಳ ಚೊಚ್ಚಲ ಮಗು ಸತ್ತ ದಿನ ಅದನ್ನು ತೊಳೆಯಲು ಬೇಕಾದ ನೀರು ಸಿಕ್ಕಿದ್ದು ಹೊತ್ತು ಇಳಿದ ಮೇಲೆ. ಈ ಮಾತನ್ನು ಅವಳು ಮಗಳಿಗೆ ಒಂದೇ ಸಲ ಹೇಳಿದ್ದಳು. ಆಮೇಲೆ ಪಾಪಕ್ಕ ಕೇಳಿದರೂ ಬಾಯಿಬಿಡಲಿಲ್ಲ. ಗಂಡ ಕದರಪ್ಪ ತೀರಿಕೊಂಡ ಮೇಲೆ ಕಳೆ ಕಿತ್ತು, ಕಲ್ಲು ಹೊತ್ತು ಮಗಳನ್ನು ಓದಿಸಿದಳು. ಮಗಳು ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದು, ನರ್ಸ್ ಟ್ರೈನಿಂಗ್ ಮುಗಿಸಿ, ಬಿಳಿ ಸೀರೆ ಉಟ್ಟು ಬಂದಾಗ ಅವಳು ಅಳಲಿಲ್ಲ. “ಇನ್ಮ್ಯಾಕೆ ನೀನೆಲ್ಲೋ ಅಲ್ಲಿ ನಾನು” ಎಂದಷ್ಟೇ ಹೇಳಿದಳು.

ಬೋಡಬಂಡೆಯ ಆರೋಗ್ಯ ಕೇಂದ್ರದ ಹಿಂದುಗಡೆಯ ಕೋಣೆಯಲ್ಲಿ ಅವರ ಸಂಸಾರ. ಅಲ್ಲೊಂದು ಬಾವಿ ಇತ್ತು, ಅದೂ ಸರ್ಕಾರದ್ದೇ. ಆದರೂ ಬೇರೆಯವರು ಸೇದುತ್ತಿರುವಾಗ ಚಿಕ್ಕಹನುಮಕ್ಕ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಮಗಳು ಬೈದರೆ, “ನೀನು ನರ್ಸಮ್ಮ, ನಿಂಗೆ ನಡೀತದೆ” ಎನ್ನುತ್ತಿದ್ದಳು. ಬಿಡುವು ಸಿಕ್ಕಾಗಲೆಲ್ಲ ಏರಿ ಹತ್ತಿ, ದಂಡೆಗುಂಟ ದೂರ ನಡೆದು, ಜನವಿಲ್ಲದ ಕಡೆ ಸೀರೆ ಮೇಲೆತ್ತಿಕೊಂಡು ಮೊಳಕಾಲುದ್ದ ನೀರಿನಲ್ಲಿ ನಿಂತಿರುತ್ತಿದ್ದಳು. ಒಂದು ಸಂಜೆ ಹುಡುಕಿಕೊಂಡು ಹೋದ ಪಾಪಕ್ಕ ಅವಳನ್ನು ಹಾಗೆ ಕಂಡಳು. ದಂಡೆಯ ಮೇಲೆಯೇ ಒಂದು ಮನೆ ಕಟ್ಟಬೇಕೆಂದು ಅವಳಿಗೆ ಅನ್ನಿಸಿದ್ದು ಆಗ.

ಆ ದಂಡೆಯ ನೆಲ ಶಂಕರಲಿಂಗಪ್ಪನದು. ಊರಿನಲ್ಲಿ ಅವನ ಮಾತು ನಡೆಯುತ್ತಿತ್ತು. ಅವನ ಮಗಳ ಕಷ್ಟದ ಹೆರಿಗೆಯನ್ನು ಪಾಪಕ್ಕ ಬಂದ ವರ್ಷವೇ ಮಾಡಿಸಿದ್ದಳು. ಪಾಪಕ್ಕ ಹೋಗಿ ಜಾಗ ಕೇಳಿದಾಗ ಅವನು ಮೀಸೆ ತಿರುವಿಕೊಂಡು ಹೇಳಿದ.

“ಮೋಸ ಮಾಡಿದ ಅಂತ ಆಮೇಲೆ ಅನ್ಬಾರ್ದು ನರ್ಸಮ್ಮ. ಅದು ಎತ್ತಾಗೂ ಅಲ್ಲದ ನೆಲ. ಕೆರೆ ತುಂಬಿದ ವರ್ಷ ಅರ್ಧ ಹೊಲ ನೀರಾಗಿರ್ತದೆ. ಬತ್ತಿದ ವರ್ಷ ನೀರು ಕಣ್ಣಿಗೆ ಕಾಣಾಕಿಲ್ಲ, ಅಷ್ಟು ದೂರ ಹೋಯ್ತದೆ. ಅದ್ಕೇ ನಾನೂ ಬುಟ್ಟಿದೀನಿ.”

“ಮನೆ ಕಟ್ಟೋಷ್ಟು ಎತ್ತರದ ಜಾಗ ಐತಾ ಯಜಮಾನ್ರೇ?”

“ಮೇಲ್ಗಡೆ ಬಂಡೆ ಐತಲ್ಲ, ಅಲ್ಲಿ ಕಟ್ಟು. ಅದ್ರಿಂದ ಕೆಳೀಕೆ ಹೊಂಗೆಮರ. ನಾನು ಕಂಡಂಗೆ ನೀರು ಹೊಂಗೆಮರ ದಾಟಿಲ್ಲ.”

ಅವನು ಹೇಳಿದ್ದೆಲ್ಲ ನಿಜವಾಗಿತ್ತು. ಉಳುಮೆಗೆ ಬಾರದ ನೆಲವನ್ನು ಸಂಬಳದ ಹೆಂಗಸು ಕೇಳಿಕೊಂಡು ಬಂದದ್ದು ಅವನಿಗೂ ಅನುಕೂಲವೇ ಆಯಿತು. ದುಡ್ಡು ತೆಗೆದುಕೊಂಡು ಅವಳ ಹೆಸರಿಗೆ ಬರೆದುಕೊಟ್ಟ. ಊರಿನಲ್ಲಿ ಮಾತಂತೂ ಎದ್ದಿತು. ಕೇರಿಯವರ ಮನೆ ಕೆರೆಯ ಬಾಯಿಗೇ ಬಂದರೆ ಹೇಗೆ ಎಂದು ಹೋಟೆಲಿನ ಬೆಂಚಿನ ಮೇಲೆ ಕೂತವರು ಆಡಿಕೊಂಡರು. ಆದರೆ ಆಡಿಕೊಂಡವರ ಮನೆಗಳಲ್ಲೂ ಬಸುರಿ ಹೆಂಗಸರಿದ್ದರು. ಹೆರಿಗೆಯ ಹೊತ್ತಿನಲ್ಲಿ ಪಾಪಕ್ಕನ ಕೈಗೆ ಯಾವ ಜಾತಿಯೂ ಇರಲಿಲ್ಲ. ಹೊಕ್ಕುಳಬಳ್ಳಿ ಕತ್ತರಿಸಿ ಕೈ ತೊಳೆದುಕೊಂಡ ಮೇಲೆ ಮತ್ತೆ ಬರುತ್ತಿತ್ತು. ಅವಳನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾರಿಗೂ ಆಗಲಿಲ್ಲ.

ಬಂಡೆಯ ಪಕ್ಕದಲ್ಲಿ ಎರಡು ಅಂಕಣದ ನಾಡಹೆಂಚಿನ ಮನೆ ಎದ್ದಿತು. ಚಿಕ್ಕಹನುಮಕ್ಕ ಮನೆಗಿಂತ ಹೆಚ್ಚಾಗಿ ಮೆಟ್ಟಿಲುಗಳ ಬಗ್ಗೆ ತಲೆ ಕೆಡಿಸಿಕೊಂಡಳು. ಕಲ್ಲು ಒಡೆಯುವವರ ಬೆನ್ನು ಹತ್ತಿ, ಉಳಿದ ಚಪ್ಪಡಿಗಳನ್ನೆಲ್ಲ ಹೊರಿಸಿ, ಹೊಂಗೆಮರದ ಬುಡದಿಂದ ನೀರಿನವರೆಗೆ ಹಾಸಿಸಿದಳು. ಬೆಳಗಾದರೆ ಪಾತ್ರೆ ಅಲ್ಲೇ, ಬಟ್ಟೆ ಅಲ್ಲೇ, ಸ್ನಾನ ಅಲ್ಲೇ. ಬಿಂದಿಗೆಯನ್ನು ನೀರಿಗೆ ಅದ್ದಿ, ತುಂಬಿದ್ದನ್ನು ಮತ್ತೆ ಸುರಿದು, ಮತ್ತೆ ತುಂಬುತ್ತಿದ್ದಳು. ಮನೆಯ ಸುತ್ತ ಹರಿವೆ, ದಂಟು, ಮೆಣಸಿನ ಗಿಡ ಹಾಕಿದಳು. ಬೇಸಿಗೆಯಲ್ಲಿ ನೀರು ಸ್ವಲ್ಪ ಕೆಳಗಿಳಿದರೆ ಇನ್ನೆರಡು ಚಪ್ಪಡಿ ಹಾಕಿಸುತ್ತಿದ್ದಳು.

ಅಲ್ಲಿ ಅವಳಿಗೆ ಒಬ್ಬ ಗೆಳತಿಯೂ ಸಿಕ್ಕಿದಳು. ಆಚೆ ದಿಣ್ಣೆಯ ಗೊಲ್ಲರಹಟ್ಟಿಯ ಈರಕ್ಕ ಮಧ್ಯಾಹ್ನದ ಹೊತ್ತಿಗೆ ಕುರಿ ಹೊಡೆದುಕೊಂಡು ನೀರಿಗೆ ಬರುತ್ತಿದ್ದಳು. ಹೆರಿಗೆಯ ಸೂತಕವೆಂದು ಹಟ್ಟಿಯ ಹೊರಗಿನ ಗುಡ್ಲಿನಲ್ಲಿ ಹಸುಗೂಸಿನೊಂದಿಗೆ ಒಂಟಿಯಾಗಿದ್ದ ಅವಳ ಸೊಸೆಗೆ ಜ್ವರ ಏರಿದಾಗ, ಪಾಪಕ್ಕ ದಿನಾ ಹೋಗಿ ಸೂಜಿ ಹಾಕಿ ಉಳಿಸಿದ್ದಳು. ಈರಕ್ಕ ಮೊದಮೊದಲು ಚಿಕ್ಕಹನುಮಕ್ಕನಿಂದ ದೂರವೇ ಕೂರುತ್ತಿದ್ದಳು. ಎಲೆ ಅಡಿಕೆ ಕೊಡಲು ಕೈ ಚಾಚಬೇಕಾಗಿ ಬಂದು, ದಿನ ಕಳೆದಂತೆ ಹತ್ತಿರ ಹತ್ತಿರ ಸರಿದಳು.

ಹೀಗೆ ಮೂರು ಮಳೆಗಾಲ ಹೋಯಿತು. ಚಿಕ್ಕಹನುಮಕ್ಕನ ಬೆನ್ನು ಬಾಗಿತ್ತು, ಆದರೆ ಮುಖದಲ್ಲಿ ಮಗಳು ಹಿಂದೆಂದೂ ಕಾಣದ ಒಂದು ಗತ್ತು ಬಂದಿತ್ತು. “ನಮ್ಮ ನೀರು” ಎಂದೇ ಅವಳು ಹೇಳುತ್ತಿದ್ದುದು.

ಆಮೇಲೆ ಮಳೆ ಕೈಕೊಟ್ಟಿತು. ಎಂಬತ್ತೊಂದರಲ್ಲಿ ಕೆರೆಗೆ ಹೊಸ ನೀರು ಬರಲಿಲ್ಲ, ಮಾರನೆಯ ವರ್ಷ ಇದ್ದ ನೀರೂ ತೂಬಿನಲ್ಲಿ ಹರಿದುಹೋಯಿತು. ಅಂಚು ದಿನದಿನಕ್ಕೆ ಹಿಂದೆ ಸರಿಯಿತು. ಚಿಕ್ಕಹನುಮಕ್ಕ ಹಾಕಿಸಿದ ಕಡೆಯ ಚಪ್ಪಡಿ ಒಣಗಿದ ಹೂಳಿನ ಮೇಲೆ ನಿಂತಿತು. ಅದರಾಚೆಗೆ ಕೆರೆಯ ಅಂಗಳ ಬಿಚ್ಚಿಕೊಂಡಿತು: ಬಿರಿದ ಜೇಡಿ, ಸತ್ತ ಮೀನಿನ ಮುಳ್ಳು, ಸಿಂಪಿಯ ಚಿಪ್ಪು. ಜಲಾಶಯ ಕಟ್ಟುವ ಮೊದಲು ತಾವರೆಕೆರೆಯ ಕಡೆಗೆ ಹೋಗುತ್ತಿದ್ದ ಹಳೆಯ ಗಾಡಿದಾರಿ ಕೂಡ ಮೇಲೆದ್ದಿತು. ಕಲ್ಲು ಹಾಸಿದ ಆ ದಾರಿ ಗಟ್ಟಿಯಾಗಿತ್ತು, ಅದರ ಮೇಲೆ ನಡೆದರೆ ನೀರಿನವರೆಗೆ ಹೋಗಬಹುದಾಗಿತ್ತು. ಚಿಕ್ಕಹನುಮಕ್ಕ ಹೋಗುತ್ತಿದ್ದಳು.

ಕೆರೆಯ ಅಂಗಳ ಸರ್ಕಾರದ್ದು. ಆದರೆ ಬತ್ತಿದ ವರ್ಷ ಅಲ್ಲಿ ಯಾರು ನೇಗಿಲು ಹೂಡಿದರೆ ಅವರದೇ ಬೆಳೆ ಎಂಬುದು ಊರಿನ ರೂಢಿ. ಶಂಕರಲಿಂಗಪ್ಪನ ಮಗ ಅಡವಯ್ಯ ಪಾಪಕ್ಕನ ಹೊಲದ ಮುಂದಿನ ಅಂಗಳವನ್ನೆಲ್ಲ ಉತ್ತು ಕಲ್ಲಂಗಡಿ, ಸೌತೆ ಹಾಕಿದ. ದನ ನುಗ್ಗದಂತೆ ಜಾಲಿಮುಳ್ಳಿನ ಬೇಲಿ ಬಡಿದ. ಗಾಡಿದಾರಿ ಬೇಲಿಯ ಒಳಗೆ ಸೇರಿಹೋಯಿತು.

ಪಾಪಕ್ಕ ಹೋಗಿ ಕೇಳಿದಳು. “ಅಡವಯ್ಯನೋರೆ, ಅವ್ವ ನೀರಿಗೆ ಹೋಗೋ ದಾರಿ ಅದು. ಒಂದಾಳು ನುಸುಳೋಷ್ಟು ಸಂದಿ ಬಿಡಿ.”

“ಒಂದಾಳಿಗೆ ಬುಟ್ರೆ ಒಂದು ಮಂದೆ ನುಗ್ತದೆ ನರ್ಸಮ್ಮ. ಕಾಯಿ ಕೀಳೋಗಂಟ ಸುಧಾರಿಸ್ಕಳಿ, ನಾನೇ ತೆಗೀತೀನಿ.” ಮಾತು ನಯವಾಗಿತ್ತು. ಅವನ ಹೆಂಡತಿ ಕಮಲಾಕ್ಷಮ್ಮ ಪಾಪಕ್ಕನಿಗೆ ಒಂದು ಸೌತೆಕಾಯಿ ತಂದು ಜಗಲಿಯ ಮೇಲಿಟ್ಟಳು. ಮದುವೆಯಾಗಿ ಬಹಳ ದಿನದ ಮೇಲೆ ಅವಳಿಗೆ ಆಗ ತಾನೇ ತಿಂಗಳು ನಿಂತಿತ್ತು, ಅವಳನ್ನು ನೋಡಲೆಂದೇ ಪಾಪಕ್ಕ ಆ ಮನೆಗೆ ಹೋಗಿ ಬಂದು ಮಾಡುತ್ತಿದ್ದಳು. ಜಗಳಕ್ಕೆ ಮನಸ್ಸಾಗದೆ ಎದ್ದು ಬಂದಳು.

ಊರ ಮುಂದೆ ಸರ್ಕಾರದವರು ಬೋರಿಂಗ್ ಹಾಕಿಸಿದ್ದರು. “ಅಲ್ಲಿಂದ ತಾರವ್ವ, ಇಲ್ಲಾ ನಾನೇ ತತ್ತೀನಿ” ಎಂದು ಪಾಪಕ್ಕ ಹೇಳಿದಳು. ಚಿಕ್ಕಹನುಮಕ್ಕ ಒಂದು ದಿನ ಹೋದಳು. ಅವಳು ನೀರು ಹೊಡೆದುಕೊಂಡು ನಾಲ್ಕು ಹೆಜ್ಜೆ ಬರುವಷ್ಟರಲ್ಲಿ ಹಿಂದಿದ್ದ ಹೆಂಗಸು ಬೋರಿಂಗಿನ ಹಿಡಿಯ ಮೇಲೆ ಚೊಂಬಿನಿಂದ ನೀರು ಹುಯ್ದು ತೊಳೆದಳು. ಚಿಕ್ಕಹನುಮಕ್ಕ ಅಲ್ಲೇ ಬಿಂದಿಗೆ ಬಗ್ಗಿಸಿ ನೀರೆಲ್ಲ ಚೆಲ್ಲಿ, ಬರಿ ಬಿಂದಿಗೆ ಹೊತ್ತು ಮನೆಗೆ ಬಂದಳು.

“ಅಲ್ಲೀಗೆ ನಾನು ಹೋಗಾಕಿಲ್ಲ. ನೀನೂ ತರಬ್ಯಾಡ. ನಂಗೆ ನನ್ನ ನೀರೈತೆ.”

“ಎಲ್ಲೈತವ್ವ? ಮೈಲಿ ದೂರ ಹೋಗೈತೆ.”

“ಹೋಗ್ಲಿ. ನಾನೂ ಹೋಯ್ತೀನಿ.”

ಅವಳು ಬೇಲಿಯನ್ನು ಬಳಸಿಕೊಂಡು, ಹಳ್ಳದ ಮಗ್ಗುಲಿನಿಂದ ಹೋಗತೊಡಗಿದಳು. ಆ ಕಡೆಯ ನೆಲ ಕಣ್ಣಿಗೆ ಗಟ್ಟಿ. ಮೇಲೆ ಒಣಗಿ ಬಿರಿದ ಹೆಪ್ಪು, ಕೆಳಗೆ ಬೆಣ್ಣೆಯಂಥ ಹೂಳು. ಇಂಥದ್ದಕ್ಕೆ ಅಲ್ಲಿಯವರು ಹುದುಲು ಎನ್ನುತ್ತಾರೆ. ದನ ಸಿಕ್ಕಿಕೊಂಡರೆ ಕೊರಳಿಗೆ ಹಗ್ಗ ಹಾಕಿ ಎಳೆಯಬೇಕು. ಪಾಪಕ್ಕ ಹೆದರಿಸಿ ಹೇಳಿದಳು, ಗದರಿದಳು. ಅವ್ವ ಮಗಳು ಕೆಲಸಕ್ಕೆ ಹೋಗುವವರೆಗೆ ಸುಮ್ಮನಿದ್ದು, ಆಮೇಲೆ ಬಿಂದಿಗೆ ಎತ್ತಿಕೊಳ್ಳುತ್ತಿದ್ದಳು.

ಎಂಬತ್ತಮೂರರ ಏಪ್ರಿಲ್‌ನಲ್ಲಿ ಒಂದು ದಿನ ಪಾಪಕ್ಕ ಪಕ್ಕದ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಸೂಜಿ ಹಾಕುತ್ತಿದ್ದಾಗ ಬೋಡಬಂಡೆಯಲ್ಲಿ ಅವರ ಜನರೇ ಇದ್ದ ಕಾಲೋನಿಯ ಸಣ್ಣರಂಗಯ್ಯ ಸೈಕಲ್ ತುಳಿದುಕೊಂಡು ಬಂದ. ಅವನ ತೊಡೆಯವರೆಗೆ ಕೆಸರು ಮೆತ್ತಿತ್ತು. ಸೈಕಲನ್ನು ತಿರುಗಿಸಿ ನಿಲ್ಲಿಸಿ, “ಕೂತ್ಕಳಕ್ಕ” ಎಂದ.

ಅವಳು ಬರುವ ಹೊತ್ತಿಗೆ ಚಿಕ್ಕಹನುಮಕ್ಕನನ್ನು ಬಿರಿದ ನೆಲದ ಮೇಲೆ ಒಂದು ಕಂಬಳಿ ಹಾಸಿ ಮಲಗಿಸಿದ್ದರು. ಎದೆಯವರೆಗೆ ಹೂಳು ಬಳಿದುಕೊಂಡು ಒಣಗುತ್ತಿತ್ತು. ಪಾಪಕ್ಕ ನಾಡಿ ಹಿಡಿದಳು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು, ಮತ್ತೆ ನಾಡಿ ಹಿಡಿದಳು. ಸುತ್ತ ನಿಂತಿದ್ದ ಕಾಲೋನಿಯ ಗಂಡಸರು ಅವಳು ಏನಾದರೂ ಹೇಳಲೆಂದು ಕಾಯುತ್ತಿದ್ದರು. ಅವ್ವನ ತಲೆಯ ಹತ್ತಿರ ಈರಕ್ಕ ಕೂತಿದ್ದಳು. ಅವಳ ರವಿಕೆ, ಮುಖ, ತಲೆಗೂದಲು ಎಲ್ಲ ಕೆಸರು. ಅವಳೇ ಬಾಯಿಬಿಟ್ಟಳು.

“ನಾನು ಆ ದಿಕ್ಕಿಂದ ಕುರಿ ಹೊಡ್ಕಂಡು ಬತ್ತಿದ್ದೆ. ಇವ್ಳು ಸೊಂಟಗಂಟ ಇಳಿದಿದ್ಲು. ಬಿಂದಿಗೆ ಬುಟ್ಟಿರ್ನಿಲ್ಲ. ಓಡ್ಬಂದು ಕಂಬಳಿ ಹಾಸಿ, ಅದ್ರ ಮ್ಯಾಲೆ ಬೋರಲು ಬಿದ್ದು ಕೈ ಹಿಡ್ಕಂಡೆ. ಎಳ್ದೆ. ನನ್ನೊಬ್ಳ ಕೈಲಿ ಆಗ್ನಿಲ್ಲ ಕಣವ್ವ. ಎಳ್ದಷ್ಟೂ ನಾನೂ ಜಾರ್ತಿದ್ದೆ.”

“ಯಾರೂ ಇರ್ಲಿಲ್ವಾ?”

“ಇದ್ದ. ಅಡವಯ್ಯ ಇದ್ದ. ಬೇಲಿ ತಾವ ನಿಂತಿದ್ದ.”

ಪಾಪಕ್ಕ ತಲೆ ಎತ್ತಿದಳು.

“ನಾನು ಬರೋಕೆ ಮುಂಚೇನೇ ನೋಡಿದ್ನಂತೆ. ‘ಅಲುಗ್ಬ್ಯಾಡ, ಅಲುಗ್ಬ್ಯಾಡ’ ಅಂತ ಕೂಗ್ತಿದ್ದ. ನಾನಂದೆ, ‘ಬಾರಪ್ಪ, ನೀನೊಂದು ಕೈ ಹಿಡಿ, ಇಬ್ರೂ ಎಳ್ಯಾನ’ ಅಂತ. ಹತ್ತು ಮಾರು ಬಂದ, ನಿಂತ್ಕಂಡ. ಕೈ ನೋಡ್ಕಂಡ. ‘ತಡಿ, ಕಾಲೋನಿಯಿಂದ ಅವ್ರೋರ್ನೇ ಕರ್ಕಂಬತ್ತೀನಿ’ ಅಂದ್ಬುಟ್ಟು ಓಡ್ದ. ಅವನ ಗುಡ್ಲಾಗೆ ಹಗ್ಗ ಇತ್ತು ಕಣವ್ವ. ಕಲ್ಲಂಗಡಿ ಗಾಡಿ ಕಟ್ಟೋ ಹಗ್ಗ. ನನ್ನ ಕಣ್ಣಿಗೇ ಕಾಣ್ತಿತ್ತು.”

ಕಾಲೋನಿ ಇದ್ದದ್ದು ಏರಿಯ ಆಚೆ. ಅಡವಯ್ಯ ಓಡಿಹೋದದ್ದು, ಎದ್ದೆನೋ ಬಿದ್ದೆನೋ ಎಂದು ಓಡಿದ್ದು, ಸುಳ್ಳಲ್ಲ. ಗಂಡಸರೆಲ್ಲ ಕೂಲಿಗೆ ಹೋಗಿದ್ದರು. ಅವರನ್ನು ಅಲ್ಲಿಂದ ಇಲ್ಲಿಂದ ಕೂಡಿಸಿಕೊಂಡು ಬರುವಷ್ಟರಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದಿದ್ದ. ಚಿಕ್ಕಹನುಮಕ್ಕ ಅಷ್ಟು ಹೊತ್ತೂ ಮಾತಾಡುತ್ತಿದ್ದಳಂತೆ. ನೀರು ಬೇಕು ಎಂದಳಂತೆ. ಈರಕ್ಕನಿಗೆ ಕೈ ಬಿಟ್ಟು ನೀರಿಗೆ ಹೋಗಲು ಧೈರ್ಯ ಬರಲಿಲ್ಲ. ಬಿಸಿಲು ಏರಿ, ಹೂಳು ಎದೆಯನ್ನು ಬಿಗಿಯುತ್ತ ಬಂದ ಮೇಲೆ ತಲೆ ಮುಂದಕ್ಕೆ ಬಾಗಿತು. ಎಲ್ಲರೂ ಸೇರಿ ಎಳೆದು ತೆಗೆಯುವಾಗ ಉಸಿರಿತ್ತೆಂದು ಕೆಲವರು, ಇರಲಿಲ್ಲವೆಂದು ಕೆಲವರು ಹೇಳಿದರು.

ಪೊಲೀಸರು ಬಂದು ಕಾಲು ಜಾರಿ ಸತ್ತಿದ್ದಾಳೆಂದು ಬರೆದುಕೊಂಡು ಹೋದರು. ಅಡವಯ್ಯ ಅವರ ಮುಂದೆ, “ಜನ ಕರೆಯಾಕೆ ಓಡಿದ್ದೇ ನಾನು ಸ್ವಾಮಿ” ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪಾಪಕ್ಕನನ್ನು ಹೆಚ್ಚು ಸುಟ್ಟದ್ದು ಅದೇ. ಕೊಂದವನಾಗಿದ್ದರೆ ಅವನ ಹೆಸರು ಹೇಳಿ ಬೊಬ್ಬೆ ಹೊಡೆಯಬಹುದಿತ್ತು. ಅವನು ತನ್ನ ಕೈ ನೋಡಿಕೊಂಡಿದ್ದ, ಅಷ್ಟೇ. ಅದಕ್ಕೆ ಯಾವ ಠಾಣೆಯಲ್ಲಿ ದೂರು ಕೊಡುವುದು?

ಮಣ್ಣು ಮಾಡಲು ಕಾಲೋನಿಯ ಸುಡುಗಾಡಿಗೆ ಒಯ್ಯೋಣವೆಂದರು. ಪಾಪಕ್ಕ ಒಪ್ಪಲಿಲ್ಲ. “ಅವ್ವನ ನೆಲ ಐತಲ್ಲ” ಎಂದಳು. ಹೊಂಗೆಮರದ ಮಗ್ಗುಲಲ್ಲಿ, ಮೆಟ್ಟಿಲು ಶುರುವಾಗುವ ಕಡೆ ಗುಂಡಿ ತೋಡಿದರು. ಮೈ ತೊಳೆಯಲು ಸಣ್ಣರಂಗಯ್ಯ ಬೋರಿಂಗಿನ ನೀರು ತರಲು ಹೊರಟಾಗ ಪಾಪಕ್ಕ ತಡೆದಳು. ತಾನೇ ಈರಕ್ಕನನ್ನು ಕರೆದುಕೊಂಡು ಅಡವಯ್ಯನ ಬೇಲಿಯ ಹತ್ತಿರ ಹೋಗಿ, ಮುಳ್ಳುಕಂಟಿಯನ್ನು ಬರಿಗೈಯಲ್ಲಿ ಕಿತ್ತು ಎಸೆದು, ಗಾಡಿದಾರಿಯ ಮೇಲೆ ನಡೆದುಹೋಗಿ ಕೆರೆಯ ನೀರು ತಂದಳು. ಕೈಯೆಲ್ಲ ರಕ್ತವಾಗಿತ್ತು. ಬೇಲಿಯ ಒಳಗಿದ್ದ ಆಳುಗಳು ದಾರಿ ಬಿಟ್ಟು ನಿಂತರು. ಕಿತ್ತ ಬೇಲಿಯನ್ನು ಅಡವಯ್ಯ ಮತ್ತೆ ಕಟ್ಟಲಿಲ್ಲ.

ಆ ವರ್ಷ ಮಳೆ ಹುಚ್ಚು ಹಿಡಿದಂತೆ ಬಂತು. ಆಗಸ್ಟಿನಿಂದಲೇ ಹಳ್ಳ ಕೆಂಪಾಗಿ ಹರಿಯಿತು. ಕಲ್ಲಂಗಡಿಯ ಹೊಲ, ಗಾಡಿದಾರಿ, ಅವ್ವ ಸಿಕ್ಕಿಕೊಂಡಿದ್ದ ಹುದುಲು ಎಲ್ಲವೂ ಒಂದೊಂದಾಗಿ ನೀರಿನಡಿಗೆ ಹೋದವು. ನೀರು ಚಪ್ಪಡಿಗಳನ್ನು ಏರುತ್ತ ಬಂತು. ಪಾಪಕ್ಕ ಆ ಕಡೆಯ ಕಿಟಕಿಯನ್ನು ತೆರೆಯುವುದನ್ನೇ ಬಿಟ್ಟಳು. ಊರಿನವರಿಗೆ ಹಬ್ಬ. ಎರಡು ವರ್ಷ ಬರ ಕಂಡವರು ಒಂದು ಹನಿಯನ್ನೂ ಹೊರಗೆ ಬಿಡಬಾರದೆಂದು, ಹೆಚ್ಚಾದ ನೀರು ಹರಿದುಹೋಗುವ ಕೋಡಿಯ ಮೇಲೆ ಮರಳಿನ ಮೂಟೆಗಳನ್ನು ಪೇರಿಸಿದರು. ಮುಂದೆ ನಿಂತು ಪೇರಿಸಿದವನು ಶಂಕರಲಿಂಗಪ್ಪ. ನೀರು ಕೋಡಿಯ ಮಟ್ಟ ಮೀರಿ ಏರಿತು.

ಹೊಂಗೆಮರಕ್ಕೂ ನೀರಿಗೂ ಒಂದೇ ಮಾರು ದೂರ ಉಳಿದಿದ್ದ ದಿನ ಬೆಳಿಗ್ಗೆ ಶಂಕರಲಿಂಗಪ್ಪನ ಮನೆಯ ಆಳು ಛತ್ರಿ ಹಿಡಿದು ಓಡಿಬಂದ. ಕಮಲಾಕ್ಷಮ್ಮನಿಗೆ ಹಿಂದಿನ ದಿನದಿಂದ ನೋವು, ಮಗು ಕೆಳಗಿಳಿಯುತ್ತಿಲ್ಲ, ಹಳ್ಳ ಬಂದು ಸಿರಾದ ರಸ್ತೆ ಕಟ್ಟಿದೆ ಎಂದ.

ಪಾಪಕ್ಕ ಬಾಗಿಲಲ್ಲಿ ನಿಂತು ಅವನ ಮಾತು ಕೇಳಿದಳು. ಈರಕ್ಕ ಒಳಗೆ ಒಲೆಯ ಮುಂದೆ ಕೂತಿದ್ದಳು. “ಹೋಗ್ತೀಯೇನವ್ವ?” ಎಂದಳು. ಪಾಪಕ್ಕ ಬ್ಯಾಗು ಎತ್ತಿಕೊಂಡಳು.

ಹಿತ್ತಿಲ ಕಡೆಯ ಕೋಣೆಯಲ್ಲಿ ಕಮಲಾಕ್ಷಮ್ಮ ಬೆವರಿನಲ್ಲಿ ತೊಯ್ದು ಬಿದ್ದಿದ್ದಳು. ಮಗು ಅಡ್ಡ ತಿರುಗಿತ್ತು. “ನರ್ಸಮ್ಮ, ಬಂದ್ರಾ” ಎಂದು ಅವಳು ಪಾಪಕ್ಕನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಪಾಪಕ್ಕ ಆ ಹಿಡಿತ ಬಿಡಿಸಿಕೊಂಡಳು. ಅವ್ವನ ಕೈ ಹೀಗೆಯೇ ಚಾಚಿತ್ತೇ, ಎಷ್ಟು ಹೊತ್ತು ಚಾಚಿತ್ತು ಎಂಬ ಯೋಚನೆ ಬಂದು, ಒಂದು ಕ್ಷಣ ಅವಳು ಗೋಡೆಗೆ ಆತು ನಿಂತಳು. ಕಮಲಾಕ್ಷಮ್ಮನ ಅತ್ತೆ ಗಾಬರಿಯಾಗಿ, “ಏನಾಯ್ತು?” ಎಂದಳು. “ಬಿಸಿನೀರು ತನ್ನಿ” ಎಂದು ಪಾಪಕ್ಕ ಸೆರಗು ಸಿಕ್ಕಿಸಿಕೊಂಡಳು.

ಹೊರಗಿನಿಂದ ಒತ್ತಿ, ನೀವಿ, ನೋವು ಬಿಟ್ಟಾಗ ಸ್ವಲ್ಪ ಸ್ವಲ್ಪವೇ ಮಗುವನ್ನು ತಿರುಗಿಸಿದಳು. ಇಳಿಹೊತ್ತಿಗೆ ಹೆಣ್ಣುಮಗು ಹುಟ್ಟಿತು. ನೀಲಿಯಾಗಿತ್ತು, ಸದ್ದಿರಲಿಲ್ಲ. ಬಾಯಿ ಒರೆಸಿ, ತನ್ನ ಬಾಯಿಂದ ಉಸಿರು ಊದಿ, ಬೆನ್ನು ತಿಕ್ಕಿ ಅಳಿಸಿದಳು. ಅತ್ತೆ ಮಗುವನ್ನು ಎತ್ತಿಕೊಂಡು, ಪಾಪಕ್ಕನ ಕಾಲಿಗೆ ಬೀಳುವಂತೆ ಬಗ್ಗಿ, ನೆನಪಾದವಳಂತೆ ಅರ್ಧಕ್ಕೇ ನಿಂತಳು.

ಕೈ ತೊಳೆದುಕೊಂಡು ಹಿತ್ತಿಲಿಗೆ ಬಂದಾಗ ಅಡವಯ್ಯ ಮಳೆಯಲ್ಲೇ ನಿಂತಿದ್ದ. ಅವನ ಮುಖ ಇಳಿದುಹೋಗಿತ್ತು.

“ಇಬ್ರೂ ಚೆನ್ನಾಗವ್ರೆ. ಹಳ್ಳ ಇಳಿದ ತಕ್ಷಣ ದೊಡ್ಡಾಸ್ಪತ್ರೆಗೆ ತೋರಿಸ್ಕಂಡು ಬನ್ನಿ” ಎಂದು ಪಾಪಕ್ಕ ಬ್ಯಾಗು ಮುಚ್ಚಿದಳು.

“ನರ್ಸಮ್ಮ, ಅವತ್ತು ನಾನು...” ಎಂದ. ಅವಳು ಹೆಜ್ಜೆ ಹಾಕಿದಳು. ಅವನು ಹಿಂದೆಯೇ ಬಂದ. “ಒಂದು ಮಾತು ಕೇಳಿ. ನೀರು ಹೊಂಗೆಮರದ ತಾವ ಬಂದೈತೆ, ನೋಡ್ದೆ. ಕೋಡಿ ಮ್ಯಾಲಿನ ಮೂಟೆ ನಾನೇ ತೆಗೆದಾಕ್ತೀನಿ. ಅಪ್ಪ ಬೈದ್ರೂ ಬೈಕಳ್ಳಿ, ಊರೋರು ಹೊಡುದ್ರೂ ಹೊಡೀಲಿ. ಬೆಳಗಾಗೋದ್ರೊಳಗೆ ನೀರು ಇಳೀತದೆ. ಅಮ್ಮನ ಮಣ್ಣು ಉಳೀತದೆ.”

ಪಾಪಕ್ಕ ನಿಂತಳು. ಅವನು ನಿಜವಾಗಿಯೂ ಮಾಡುವವನಿದ್ದ, ಅದು ಅವನ ಕಣ್ಣಿನಲ್ಲಿ ಕಾಣುತ್ತಿತ್ತು. ಮಾಡಿದ ಮೇಲೆ ಮನೆಗೆ ಬಂದು, ಮಗಳ ತೊಟ್ಟಿಲ ಪಕ್ಕ ಮಲಗಿ ನಿದ್ದೆ ಮಾಡುತ್ತಾನೆ ಎಂಬುದೂ ಅವಳಿಗೆ ಕಂಡಿತು.

“ಬ್ಯಾಡ” ಎಂದಳು.

“ಯಾಕ್ರಮ್ಮ?”

“ಅಷ್ಟು ಮಾಡಿ ನೀನು ಹಗುರಾಗ್ಬ್ಯಾಡ.”

ಆ ಮನೆಯವರನ್ನು ಅವಳು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವನು ತಲೆ ತಗ್ಗಿಸಿದ.

ಏರಿಯ ಮೇಲೆ ಬರುವಾಗ ಕೋಡಿ ಕಾಣುತ್ತಿತ್ತು. ಮೂಟೆಗಳ ಸಂದಿಯಿಂದ ನೀರು ಎಳೆಎಳೆಯಾಗಿ ಸುರಿಯುತ್ತಿತ್ತು. ತಿರುಗಿ ಹೋಗಿ “ತೆಗಿ” ಎಂದರೆ ಮುಗಿದಿತ್ತು. ಅವಳ ಕಾಲು ಎರಡು ಸಲ ನಿಂತಿತು. ಅವನಿಗೆ ಮುಖ ತೋರಿಸಿ ಕೇಳುವುದೆಂದರೆ ಬಿಂದಿಗೆ ಇಟ್ಟು ದೂರ ನಿಂತು ಕೂಗಿದಂತೆ ಎನ್ನಿಸಿತು. ಮನೆಗೆ ನಡೆದಳು.

ಮಾರನೆಯ ದಿನ ನೀರು ಹೊಂಗೆಮರದ ಬುಡ ಮುಟ್ಟಿತು. ಮಧ್ಯಾಹ್ನಕ್ಕೆ ಗುಡ್ಡೆಮಣ್ಣಿನ ಮೇಲಿಟ್ಟಿದ್ದ ಕಲ್ಲುಗಳು ಮುಳುಗಿದವು. ಈರಕ್ಕ ಅಳುತ್ತ ಬೈದಳು: “ಹೆಂಗಾನಾ ಒಂದ್ಮಾತು ಹೂಂ ಅನ್ನಬಾರ್ದಿತ್ತಾ? ನಿನ್ನ ಸಿಟ್ಟಿಗೆ ಅವ್ಳನ್ನ ಯಾಕೆ ನೆನೆಸ್ತೀಯ?” ತಾನು ಮಾಡಿದ್ದು ಸರಿಯೆಂದು ಪಾಪಕ್ಕನಿಗೆ ಅನ್ನಿಸಲಿಲ್ಲ, ತಪ್ಪೆಂದೂ ಅನ್ನಿಸಲಿಲ್ಲ. ನೀರು ತಿಂಗಳುಗಟ್ಟಲೆ ಅಲ್ಲೇ ನಿಂತಿತು.

ಮರು ಬೇಸಿಗೆಯಲ್ಲಿ ಅದು ಇಳಿದಾಗ ಗುಡ್ಡೆ ಇರಲಿಲ್ಲ. ಮರದ ಸುತ್ತ ಒಂದೇ ಸಮನೆ ನುಣ್ಣನೆಯ ಹೂಳು ಹರಡಿಕೊಂಡಿತ್ತು. ಅಲೆ ಬಡಿದು ಕಲ್ಲುಗಳು ಎಲ್ಲಿಗೋ ಉರುಳಿದ್ದವು, ಮೇಲಿನ ಚಪ್ಪಡಿಗಳು ಕಿತ್ತು ಮಗುಚಿಕೊಂಡಿದ್ದವು. ಪಾಪಕ್ಕ ಮತ್ತು ಈರಕ್ಕ ಒಂದು ಕೋಲು ಹಿಡಿದು, ಅಲ್ಲಲ್ಲಿ ಚುಚ್ಚಿ ನೋಡುತ್ತ ಸಂಜೆಯವರೆಗೆ ತಿರುಗಿದರು.

“ಇಲ್ಲೇ ಕಣವ್ವ. ತಲೆ ಈ ಕಡೆ ಇತ್ತು.”

“ಇಲ್ಲ ಈರಕ್ಕ, ಇನ್ನೊಂದಿಷ್ಟು ಆಚೆ.”

“ಅಂಗಾರೆ ಅಲ್ಲೇ ಇರಬೌದು.”

ಕೊನೆಗೆ ಕೋಲು ಎಸೆದು ಇಬ್ಬರೂ ಮಗುಚಿದ ಚಪ್ಪಡಿಯ ಮೇಲೆ ಕೂತರು.

ಆ ವರ್ಷವೇ ಶಂಕರಲಿಂಗಪ್ಪ ಮನೆಬಾಗಿಲಿಗೆ ಬಂದ. ಮಗನ ವಿಷಯ ಎತ್ತಲಿಲ್ಲ. ತುಮಕೂರಿನ ವಕೀಲರೊಬ್ಬರು ನೀರಿನ ದಂಡೆಯಲ್ಲಿ ಜಾಗ ಹುಡುಕುತ್ತಿದ್ದಾರೆ, ರಜೆಗೆ ಬಂದು ಇರ್ತಾರಂತೆ, ಒಳ್ಳೆಯ ಬೆಲೆ ಬರುತ್ತದೆ ಎಂದ. “ನೀನೊಬ್ಳೇ ಇಲ್ಲಿದ್ದು ಏನ್ಮಾಡ್ತೀಯಮ್ಮ? ಬೇಕಾದ್ರೆ ಅಮ್ಮನ್ನ ಇಟ್ಟಿರೋ ಜಾಗ ಒಂದು ಬುಟ್ಟು ಉಳಿದಿದ್ದು ಕೊಡು.”

“ಎಲ್ಲವ್ಳೆ ಅಂತ ನಂಗೆ ಗೊತ್ತಿಲ್ಲ ಯಜಮಾನ್ರೇ. ಗೊತ್ತಿದ್ದಿದ್ರೆ ಅಷ್ಟೇ ಇಟ್ಕಂತಿದ್ದೆ.”

ಅವನು ಚಪ್ಪಲಿ ಮೆಟ್ಟಿಕೊಂಡು ಹೋದ.

ಎಂಬತ್ತಾರರಲ್ಲಿ ಪಾಪಕ್ಕ ತಾನಾಗಿಯೇ ಕೇಳಿಕೊಂಡು ಪಾವಗಡದ ಕಡೆಗೆ ವರ್ಗ ಮಾಡಿಸಿಕೊಂಡಳು. ಅಲ್ಲಿ ಕೆರೆಯೂ ಇರಲಿಲ್ಲ, ಹಳ್ಳವೂ ಇರಲಿಲ್ಲ. ತೆಲುಗು ಮಾತಾಡುವ ಹೆಂಗಸರು ಟ್ಯಾಂಕರ್ ನೀರಿಗೆ ಸಾಲು ನಿಲ್ಲುತ್ತಿದ್ದರು, ಅವಳೂ ನಿಂತಳು. ಬೋಡಬಂಡೆಯ ಹೊಲವನ್ನು ಮಾರಲಿಲ್ಲ, ಯಾರಿಗೂ ಉಳಲು ಕೊಡಲಿಲ್ಲ. ಮಳೆಗಾಲದ ಗಾಳಿಗೆ ಮನೆಯ ಹೆಂಚು ಹಾರಿಹೋಯಿತೆಂದು ಸಣ್ಣರಂಗಯ್ಯ ಹೇಳಿಕಳಿಸಿದ. ಕಟ್ಟಿಸಲು ಅವಳು ಹೋಗಲಿಲ್ಲ. ಗಾಳಿಗೆ ಉಳಿದ ಗೋಡೆಯ ನೆರಳಿನಲ್ಲಿ ಈರಕ್ಕನ ಸೊಸೆ ಈಗ ಮಧ್ಯಾಹ್ನದ ಹೊತ್ತು ಕುರಿ ನಿಲ್ಲಿಸುತ್ತಾಳಂತೆ.